ಗಣಕಯಂತ್ರದ ವೇಗ ಇಳಿದರೆ ಅದು ದೋಷವೇ?

ಲೆಕ್ಕಪತ್ರ, ಬಿಲ್ಲಿಂಗ್ ಹಾಗೂ ದಾಸ್ತಾನು ನಿರ್ವಹಣೆಗಾಗಿ ಗಣಕಯಂತ್ರ ಖರೀದಿಸುವ ವರ್ತಕರು ಇನ್‌ವಾಯ್ಸ್‌ನಲ್ಲಿ ನಮೂದಾದ ವೇಗವನ್ನು ಯಂತ್ರದಲ್ಲಿ ಪರಿಶೀಲಿಸುವುದು ಸಹಜ. ಬಿಲ್ಲಿನಲ್ಲಿ 2.4 ಗಿಗಾಹರ್ಟ್ಸ್ ಎಂದಿದ್ದು, ಪರದೆಯ ಮೇಲೆ 1.6 ಎಂದು ಕಂಡುಬಂದರೆ ಸರಬರಾಜುದಾರರ ಪ್ರಾಮಾಣಿಕತೆಯ ಬಗ್ಗೆಯೇ ಸಂಶಯ ಮೂಡುತ್ತದೆ. ಪಾವತಿ ತಡೆಹಿಡಿಯುವ ಮುನ್ನ ಇದರ ಹಿಂದಿನ ತತ್ತ್ವವನ್ನು ಅರಿಯುವುದು ಉಭಯರಿಗೂ ಹಿತಕರ.

ವೇಗದ ಲೆಕ್ಕಾಚಾರ

ಪ್ರೊಸೆಸರ್ ಒಂದು ಆಂತರಿಕ ಗಡಿಯಾರದ ಮಿಡಿತಕ್ಕೆ ಅನುಗುಣವಾಗಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ಮಿಡಿತಗಳು. ಮೂಲ ಮಿಡಿತವನ್ನು ಒಂದು ಗುಣಕದಿಂದ ಗುಣಿಸಿದಾಗ ಈ ವೇಗ ದೊರೆಯುತ್ತದೆ. 2006ರಲ್ಲಿ ಬಿಡುಗಡೆಯಾದ ಇಂಟೆಲ್ ಕೋರ್ 2 ಡ್ಯುಯೊ ಇ6600 ಇದಕ್ಕೆ ಉತ್ತಮ ಉದಾಹರಣೆ. ಅದರ ಮೂಲ ಮಿಡಿತ 266 ಮೆಗಾಹರ್ಟ್ಸ್, ಗುಣಕ 9. ಆದ್ದರಿಂದ ವೇಗ 2.4 ಗಿಗಾಹರ್ಟ್ಸ್. ಕೆಲಸವಿಲ್ಲದಾಗ ಗುಣಕವು 6ಕ್ಕೆ ಇಳಿದು, ವೇಗ 1.6 ಗಿಗಾಹರ್ಟ್ಸ್ ಆಗುತ್ತದೆ.

ಉಳಿತಾಯ ಹೇಗೆ?

ಪ್ರೊಸೆಸರ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ಮುಖ್ಯವಾಗಿ ಮಿಡಿತದ ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಅವಲಂಬಿಸಿದೆ. ವೇಗ ತಗ್ಗಿದಾಗ ವೋಲ್ಟೇಜನ್ನೂ ತಗ್ಗಿಸಬಹುದು. ಎರಡನ್ನೂ ಶೇ. 10ರಷ್ಟು ಇಳಿಸಿದರೆ ಈ ಬಳಕೆ ಸುಮಾರು ಶೇ. 27ರಷ್ಟು ಕಡಿಮೆಯಾಗುತ್ತದೆ. ಯುಪಿಎಸ್ ಬ್ಯಾಟರಿ ಹೆಚ್ಚು ಹೊತ್ತು ಬರುವುದು, ಯಂತ್ರ ತಂಪಾಗಿರುವುದು ಇದರ ಪ್ರತಿಫಲ.

ಇಂಟೆಲ್ ಸಂಸ್ಥೆಯು 2000ದಲ್ಲಿ ಲ್ಯಾಪ್‌ಟಾಪ್‌ಗಳಿಗೆ ‘ಸ್ಪೀಡ್‌ಸ್ಟೆಪ್’ ತಂತ್ರವನ್ನು ಪರಿಚಯಿಸಿತು. ಎಎಂಡಿ ಸಂಸ್ಥೆಯು 2003ರಲ್ಲಿ ಅಥ್ಲಾನ್ 64 ಪ್ರೊಸೆಸರ್‌ನೊಂದಿಗೆ ‘ಕೂಲ್ ಅಂಡ್ ಕ್ವಯಟ್’ ಮೂಲಕ ಮೇಜಿನ ಗಣಕಯಂತ್ರಗಳಿಗೂ ಇಂತಹ ಸೌಲಭ್ಯ ನೀಡಿತು. 2008ರಲ್ಲಿ ಇಂಟೆಲ್ ಕೋರ್ ಐ7ನೊಂದಿಗೆ ಬಂದ ‘ಟರ್ಬೊ ಬೂಸ್ಟ್’ ಅಗತ್ಯ ಬಿದ್ದಾಗ ನಮೂದಿತ ವೇಗವನ್ನೂ ಮೀರಲು ಅವಕಾಶ ಕಲ್ಪಿಸಿತು. ಹೀಗಾಗಿ ಇಂದು ಪೆಟ್ಟಿಗೆಯ ಮೇಲಿನ ಒಂದು ಅಂಕಿಯಿಂದಲೇ ಯಂತ್ರದ ಸಾಮರ್ಥ್ಯವನ್ನು ಅಳೆಯಲಾಗದು.

ಪರೀಕ್ಷಿಸುವ ಕ್ರಮ

ವಿಂಡೋಸ್‌ನ ‘ಟಾಸ್ಕ್ ಮ್ಯಾನೇಜರ್’ನಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗವನ್ನು ತೆರೆದಿಟ್ಟು, ದೊಡ್ಡ ಕಡತವೊಂದನ್ನು ಜಿಪ್ ಮಾಡುವಂತಹ ಭಾರವಾದ ಕೆಲಸ ನೀಡಬೇಕು. ವೇಗ ತಕ್ಷಣವೇ ನಮೂದಿತ ಮಟ್ಟಕ್ಕೆ ಏರಿದರೆ ಯಂತ್ರ ಸರಿಯಾಗಿದೆ. ಏರದಿದ್ದಲ್ಲಿ, ಮೊದಲು ‘ಪವರ್ ಆಪ್ಷನ್ಸ್’ನಲ್ಲಿ ‘ಪವರ್ ಸೇವರ್’ ಆಯ್ಕೆಯಾಗಿದೆಯೇ ಎಂದು ನೋಡಿ ‘ಬ್ಯಾಲೆನ್ಸ್ಡ್’ಗೆ ಬದಲಾಯಿಸಬೇಕು. ಲ್ಯಾಪ್‌ಟಾಪ್ ಆಗಿದ್ದರೆ ಅದರ ಮೂಲ ಚಾರ್ಜರನ್ನೇ ಜೋಡಿಸಿ ಪರೀಕ್ಷಿಸಬೇಕು.

ಆದರೆ ಕೆಲಸದ ಮಧ್ಯದಲ್ಲಿ ವೇಗ ಕುಸಿದರೆ ಅದು ಉಳಿತಾಯವಲ್ಲ, ಅತಿಯಾದ ಶಾಖದ ಸೂಚನೆಯಾಗಿರಬಹುದು. ಹಿಟ್ಟಿನ ಗಿರಣಿ, ನೂಲಿನ ಕಾರ್ಖಾನೆ, ಮರಗೆಲಸದ ಘಟಕಗಳಲ್ಲಿ ಫ್ಯಾನಿನಲ್ಲಿ ದೂಳು ಕಟ್ಟಿ ಪ್ರೊಸೆಸರ್ ಕಾಯುತ್ತದೆ. ಆಗ ಅದು ತನ್ನ ರಕ್ಷಣೆಗಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಇಂತಹ ಸಂದರ್ಭದಲ್ಲಿ ಹೊಸ ಯಂತ್ರ ಕೊಳ್ಳುವ ಮೊದಲು ದೂಳು ತೆಗೆಸುವುದು ಮಿತವ್ಯಯದ ಮಾರ್ಗ.

ಖರೀದಿ ಆದೇಶದಲ್ಲಿ ಕೇವಲ ಗಿಗಾಹರ್ಟ್ಸ್ ನಮೂದಿಸದೆ ಪ್ರೊಸೆಸರ್‌ನ ಪೂರ್ಣ ಮಾದರಿ ಸಂಖ್ಯೆಯನ್ನು ಬರೆಯುವುದು ಸೂಕ್ತ. ವೇಗದ ಅಂಕಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಮಾದರಿ ಸಂಖ್ಯೆ ಬದಲಾಗುವುದಿಲ್ಲ. ವಿವಾದ ಉಂಟಾದಾಗ ಕೊಂಡವರಿಗೂ ಮಾರಿದವರಿಗೂ ಅದೇ ಆಧಾರವಾಗುತ್ತದೆ.