ಬಚ್ಚಲು ನೀರಿನ ಮರುಬಳಕೆ ಹಾಗೂ ಸೆಪ್ಟಿಕ್ ಟ್ಯಾಂಕ್ ನಿರ್ವಹಣೆ: ಯಡಿಯೂರು ಭಾಗದ ನಾಗರಿಕರಿಗೆ ಮಾಹಿತಿ

ಹಿನ್ನೆಲೆ

ಯಡಿಯೂರು, ಜಯನಗರ, ಬನಶಂಕರಿ ಮುಂತಾದ ಬಡಾವಣೆಗಳಿಗೆ ಪೂರೈಕೆಯಾಗುವ ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರಲಾಗುತ್ತದೆ. ನೀರಿನ ಅಭಾವ ತಲೆದೋರಿದ 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಕೈತೋಟ, ವಾಹನ ತೊಳೆಯುವಿಕೆ ಮುಂತಾದವುಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ ರೂ. 5,000 ದಂಡವನ್ನು ನಿಗದಿಪಡಿಸಿತು. ಕೈತೋಟದ ಅಗತ್ಯವನ್ನು ಬಹುಮಟ್ಟಿಗೆ ಬಚ್ಚಲು ನೀರಿನಿಂದಲೇ ಪೂರೈಸಬಹುದಾಗಿದೆ.

ಬೂದು ನೀರು ಎಂದರೇನು?

ಸ್ನಾನ, ಬಟ್ಟೆ ಒಗೆಯುವಿಕೆ ಹಾಗೂ ಕೈ ತೊಳೆಯುವುದರಿಂದ ಹೊರಬರುವ ನೀರೇ ಬೂದು ನೀರು. ಶೌಚಾಲಯದ ನೀರು ಇದರಲ್ಲಿ ಸೇರುವುದಿಲ್ಲ. ನಗರಗಳಲ್ಲಿ ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ 135 ಲೀಟರ್ ಎಂಬ ಮಾನದಂಡದ ಪೈಕಿ ಸ್ನಾನಕ್ಕೆ 55 ಹಾಗೂ ಬಟ್ಟೆಗೆ 20 ಲೀಟರ್ ಎಂದು ಅಂದಾಜಿಸಲಾಗುತ್ತದೆ. ಅದರಂತೆ ನಾಲ್ವರ ಕುಟುಂಬದಿಂದ ದಿನಕ್ಕೆ ಸುಮಾರು 300 ಲೀಟರ್ ಬೂದು ನೀರು ದೊರೆಯುತ್ತದೆ.

ಪ್ರತ್ಯೇಕಿಸುವುದರ ಪ್ರಯೋಜನ

ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವು ತಳದಲ್ಲಿ ನೆಲೆಗೊಂಡು, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳಿಂದ ಕೊಳೆಯಲು ಕಾಲಾವಕಾಶ ಬೇಕು. ಬಚ್ಚಲು ನೀರೂ ಅದರೊಳಗೆ ಹರಿದಲ್ಲಿ ಹೂಳು ಕದಡಿ ಇಂಗುಗುಂಡಿಯನ್ನು ಸೇರಿ, ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಬಚ್ಚಲು ನೀರಿಗೆ ಪ್ರತ್ಯೇಕ ಕೊಳವೆ ಅಳವಡಿಸಿ, ಜಲ್ಲಿ ಮತ್ತು ಮರಳಿನ ತೊಟ್ಟಿಯ ಮೂಲಕ ಸೋಸತಕ್ಕದ್ದು.
2. ಅಡುಗೆಮನೆಯ ನೀರಿನಲ್ಲಿ ಜಿಡ್ಡು ಇರುವುದರಿಂದ ಜಿಡ್ಡು ತಡೆಯುವ ತೊಟ್ಟಿಯಿಲ್ಲದೆ ಬಳಸಬಾರದು.
3. ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ಸಂಗ್ರಹಿಸಬಾರದು. ದುರ್ವಾಸನೆ ಮತ್ತು ಸೊಳ್ಳೆಗಳಿಗೆ ಕಾರಣವಾಗುತ್ತದೆ.
4. ಬಾಳೆ, ತೆಂಗು ಮುಂತಾದವುಗಳ ಬುಡಕ್ಕೆ ಹಾಯಿಸುವುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಬಳಸಬಾರದು.
5. ಮಳೆಗಾಲದಲ್ಲಿ ನೀರನ್ನು ಒಳಚರಂಡಿಗೆ ತಿರುಗಿಸಲು ವಾಲ್ವ್ ಅಳವಡಿಸುವುದು.
6. ಮಳೆನೀರು ಇಂಗುಗುಂಡಿಗಾಗಲಿ, ರಸ್ತೆಬದಿಯ ಮಳೆನೀರು ಚರಂಡಿಗಾಗಲಿ ಬಿಡಬಾರದು. ಮೊದಲನೆಯದರಿಂದ ಅಂತರ್ಜಲವೂ, ಎರಡನೆಯದರಿಂದ ಕೆರೆಗಳೂ ಮಲಿನಗೊಳ್ಳುತ್ತವೆ.

ಸೆಪ್ಟಿಕ್ ಟ್ಯಾಂಕ್ ಬಗ್ಗೆ ಎಚ್ಚರಿಕೆ

ಒಳಚರಂಡಿ ಇರುವ ರಸ್ತೆಗಳಲ್ಲಿ ಮಂಡಳಿಯ ಸಂಪರ್ಕ ಪಡೆಯತಕ್ಕದ್ದು. ಸೆಪ್ಟಿಕ್ ಟ್ಯಾಂಕ್ ಒಳಚರಂಡಿ ಇಲ್ಲದ ಸ್ಥಳಗಳಿಗೆ ಮಾತ್ರ. ಅದರ ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿರಬೇಕು.

ಟ್ಯಾಂಕಿನೊಳಗಿನ ವಿಷಾನಿಲದಿಂದ ಕ್ಷಣಮಾತ್ರದಲ್ಲಿ ಪ್ರಾಣಹಾನಿ ಸಂಭವಿಸಬಹುದು. ಯಾವುದೇ ಕಾರಣಕ್ಕೂ ವ್ಯಕ್ತಿಗಳನ್ನು ಒಳಗಿಳಿಸದೆ ಯಂತ್ರದಿಂದಲೇ ಹೂಳು ತೆಗೆಸುವುದು. ಸುರಕ್ಷತಾ ಸಾಧನಗಳಿಲ್ಲದೆ ಇಳಿಸುವುದು 2013ರ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧ.

ಹೆಚ್ಚಿನ ಮಾಹಿತಿಗೆ

ಸಂಪರ್ಕ ಕೋರುವವರು ಮಂಡಳಿಯ ಸಂಬಂಧಪಟ್ಟ ಉಪವಿಭಾಗ ಕಚೇರಿಯನ್ನು ಅಥವಾ ಸಹಾಯವಾಣಿ 1916 ಅನ್ನು ಸಂಪರ್ಕಿಸಬಹುದು. ಮಳೆನೀರು ಸಂಗ್ರಹಣೆಯ ಮಾದರಿಗಳನ್ನು ಜಯನಗರ 5ನೇ ಬ್ಲಾಕ್‌ನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ವೀಕ್ಷಿಸಬಹುದು.