ಕಾಂಗೋಗೆ ಹೊರಡುವ ಮುನ್ನ

ಮನೆಯ ಮಗನಿಗೆ ಮಧ್ಯ ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಕೆಲಸ ಸಿಕ್ಕಿದೆಯೇ? ಮೊದಲು ಲಸಿಕೆಯ ಯೋಚನೆ ಮಾಡಿ. ಹಳದಿ ಜ್ವರ ಕಾಮಾಲೆಯಲ್ಲ. ಸೊಳ್ಳೆ ಹರಡುವ ಬೇರೆಯೇ ರೋಗ. ಅದರ ಲಸಿಕೆಯ ಪ್ರಮಾಣಪತ್ರವಿಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. ಚುಚ್ಚುಮದ್ದು ಪಡೆದ 10 ದಿನಗಳ ನಂತರವಷ್ಟೇ ಅದು ಸಿಂಧು. ಆಮೇಲೆ ಜೀವನಪರ್ಯಂತ ಮಾನ್ಯ. ಭಾರತಕ್ಕೆ ಮರಳುವಾಗ ಅದಿಲ್ಲದಿದ್ದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಗರ್ಭಿಣಿಯರು, 60 ದಾಟಿದವರು, ಮೊಟ್ಟೆ ಒಗ್ಗದವರು ವೈದ್ಯರ ಸಲಹೆ ಪಡೆಯಬೇಕು.

ರಾಜಧಾನಿ ಕಿನ್ಶಾಸಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಹವೆ, ಉಳಿದಂತೆ ಸೆಕೆ ಮತ್ತು ಮಳೆ. ಮಲೇರಿಯದ ಭಯ ಮಾತ್ರ ವರ್ಷವಿಡೀ. ಸೊಳ್ಳೆ ಪರದೆ, ತುಂಬುತೋಳಿನ ಅಂಗಿ, ಕುದಿಸಿ ಆರಿಸಿದ ನೀರು ಅಗತ್ಯ. ಮಲೇರಿಯ ತಡೆಯುವ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ, ಊರಿಗೆ ಬಂದ ಮೇಲೂ ನುಂಗಬೇಕು.

ಮೊದಲು ಕುಶಲ ವಿಚಾರಿಸಿ, ನಂತರ ವ್ಯವಹಾರ ಮಾತಾಡುವುದು ಅಲ್ಲಿನ ರೂಢಿ. ಸರಕಾರಿ ಕಟ್ಟಡ, ಸೈನಿಕರ ಫೋಟೊ ತೆಗೆಯಬಾರದು. ಕತ್ತಲಾದ ಮೇಲೆ ಒಂಟಿ ಓಡಾಟ ಬೇಡ. 2025ರ ಜನವರಿಯಲ್ಲಿ ಬಂಡುಕೋರರ ವಶವಾದ ಪೂರ್ವದ ಗೋಮಾ ಕಡೆಗೆ ಹೋಗದಿರುವುದೇ ಲೇಸು.

ಊರಿಗೆ ಮರಳಿ ತಿಂಗಳುಗಳಾದ ಮೇಲೆ ಜ್ವರ ಬಂದರೂ ನೆಗಡಿಜ್ವರವೆಂದು ಅಲಕ್ಷ್ಯ ಮಾಡದೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಕಾಂಗೋಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಅಲ್ಲಿನ ಫಾಲ್ಸಿಪಾರಂ ಮಲೇರಿಯ, ತಡಮಾಡಿದರೆ ಮಿದುಳಿಗೇರಿ ಪ್ರಾಣಕ್ಕೇ ಎರವಾದೀತು.