ರೇಷ್ಮೆ ಗೂಡಿಗೆ ಹಳದಿ ಎಲ್ಲಿಂದ ಬಂತು?

ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ಹೋಗಿ ಗೂಡಿನ ಮಾರುಕಟ್ಟೆ ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಎರಡು ಬಣ್ಣದ ರಾಶಿ. ಹಳದಿ ರಾಶಿ ಮೈಸೂರು ತಳಿಗೆ ದ್ವಿತಳಿಯನ್ನು ಕೂಡಿಸಿ ಪಡೆದ ಮಿಶ್ರತಳಿಯದು, ಬಿಳಿ ರಾಶಿ ಬೈವೋಲ್ಟೀನ್ ಎಂದೂ ಕರೆಯುವ ದ್ವಿತಳಿಯದು. ನೂಲು ಬಿಚ್ಚುವ ರೀಲರ್‌ಗಳು ಗೂಡನ್ನು ಕೈಗೆತ್ತಿಕೊಂಡು ಅಲ್ಲಾಡಿಸುತ್ತಾರೆ, ಬೆರಳಲ್ಲಿ ಅಮುಕಿ ಗಟ್ಟಿತನ ನೋಡುತ್ತಾರೆ, ಆಮೇಲೆ ದರ ಹಾಕುತ್ತಾರೆ. ಎರಡೂ ಬಗೆಯ ಹುಳುಗಳು ತಿಂದದ್ದು ಅದೇ ಹಿಪ್ಪುನೇರಳೆ ಸೊಪ್ಪು, ಎಷ್ಟೋ ಸಲ ಅದೇ ಊರಿನ ಅಕ್ಕಪಕ್ಕದ ತೋಟದ್ದು. ಆದರೂ ಒಂದರ ಗೂಡು ಹಳದಿ, ಇನ್ನೊಂದರದು ಅಚ್ಚ ಬಿಳಿ.

ಆ ಹಳದಿ ಕೊನೆಯವರೆಗೆ ಉಳಿಯುವುದೂ ಇಲ್ಲ. ರೇಷ್ಮೆ ಎಳೆಯ ಒಳಗಿರುವುದು ಫೈಬ್ರಾಯಿನ್ ಎಂಬ ಗಟ್ಟಿ ಪ್ರೋಟೀನು. ಅದರ ಮೇಲೆ ಸೆರಿಸಿನ್ ಎಂಬ ಅಂಟಿನ ಪದರ ಇರುತ್ತದೆ. ಬಣ್ಣ ಕೂತಿರುವುದು ಹೆಚ್ಚಾಗಿ ಈ ಅಂಟಿನಲ್ಲಿ. ನೂಲನ್ನು ಸೋಪು ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಬಣ್ಣವೂ ಅದರ ಜೊತೆಗೇ ಹೋಗುತ್ತದೆ. ಸೀರೆ ನೇಯುವ ಹೊತ್ತಿಗೆ ಹಳದಿ ಗೂಡಿನ ನೂಲು ಯಾವುದು, ಬಿಳಿ ಗೂಡಿನದು ಯಾವುದು ಎಂದು ಬಣ್ಣ ನೋಡಿ ಹೇಳಲಾಗದು. ಉಡುವವರಿಗೆ ಕಾಣದೆ ಹೋಗುವ ಈ ಬಣ್ಣದಲ್ಲೇ ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ದಾಟುತ್ತದೆ ಎಂಬುದು ಸ್ಪಷ್ಟವಾಗಿ ತಿಳಿದುಬಂತು.

ಬಟಾಣಿ ಗಿಡಗಳ ಮೇಲೆ ಗ್ರೆಗರ್ ಮೆಂಡೆಲ್ ಮಾಡಿದ ಪ್ರಯೋಗ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಅವನ ಲೇಖನ ಅಚ್ಚಾದದ್ದು 1866ರಲ್ಲಿ, ಲೋಕ ಅದನ್ನು ಗಮನಿಸಿದ್ದು 1900ರಲ್ಲಿ. ಆದರೆ ಗಿಡಕ್ಕೆ ಒಪ್ಪುವ ನಿಯಮ ಪ್ರಾಣಿಗಳಿಗೂ ಒಪ್ಪುತ್ತದೆಯೇ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟವರ ಮೊದಲ ಸಾಲಿನಲ್ಲಿ ಜಪಾನಿನ ತೊಯಾಮಾ ಕಮೆತಾರೊ ಇದ್ದಾನೆ. ಸಯಾಂ ದೇಶದಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, ರೇಷ್ಮೆ ಕೆಲಸಕ್ಕೆಂದು ಕೆಲವು ವರ್ಷ ಇದ್ದ ಅವನು ಅಲ್ಲಿನ ಹಳದಿ ಗೂಡಿನ ತಳಿಯನ್ನೂ ಜಪಾನಿನ ಬಿಳಿ ಗೂಡಿನ ತಳಿಯನ್ನೂ ಕೂಡಿಸಿದ. ಮೊದಲ ಪೀಳಿಗೆಯ ಗೂಡುಗಳೆಲ್ಲ ಹಳದಿ. ಆ ಪೀಳಿಗೆಯ ಚಿಟ್ಟೆಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಮೂರು ಪಾಲು ಹಳದಿ, ಒಂದು ಪಾಲು ಬಿಳಿ ಬಂದವು. ಕಾಣೆಯಾಗಿದ್ದ ಬಿಳಿ ಒಂದು ಪೀಳಿಗೆ ಬಿಟ್ಟು ಒಂದಿಷ್ಟೂ ಮಾಸದೆ ಮರಳಿ ಬಂದಿತ್ತು. 1906ರಲ್ಲಿ ತೊಯಾಮಾ ಇದನ್ನು ಪ್ರಕಟಿಸಿದ. ನಮ್ಮದು ರೇಷ್ಮೆಯ ನಾಡು. ಇಲ್ಲಿನ ಮಕ್ಕಳಿಗೆ ಬಟಾಣಿಯ ಪಕ್ಕದಲ್ಲೇ ರೇಷ್ಮೆ ಹುಳುವಿನ ಈ ಪ್ರಯೋಗವನ್ನೂ ಕಲಿಸಬೇಕೆಂಬುದು ನನ್ನ ಬಹುದಿನದ ಆಸೆ.

ಲೆಕ್ಕ ಸರಳವಾಗಿದೆ. ರೇಷ್ಮೆ ಹುಳುವಿನ ಜೀವಕೋಶದಲ್ಲಿ 28 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಹಾಗಾಗಿ ಬಹುಪಾಲು ಜೀನ್‌ಗಳಿಗೆ ಎರಡು ಪ್ರತಿಗಳು. ಮೊಟ್ಟೆ ಅಥವಾ ವೀರ್ಯಾಣು ತಯಾರಾಗುವಾಗ ಜೋಡಿ ಬಿಡಿಯಾಗಿ, ಎರಡರಲ್ಲಿ ಒಂದು ಪ್ರತಿ ಮಾತ್ರ ಮುಂದಕ್ಕೆ ಹೋಗುತ್ತದೆ. ಯಾವ ಪ್ರತಿ ಹೋಗುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಹಳದಿಯ ಒಂದು ಪ್ರತಿ, ಬಿಳಿಯ ಒಂದು ಪ್ರತಿ ಇರುವ ಗಂಡು ಹೆಣ್ಣು ಕೂಡಿದರೆ, ನಾಲ್ಕರಲ್ಲಿ ಒಂದು ಮರಿಗೆ ಮಾತ್ರ ಎರಡೂ ಕಡೆಯಿಂದ ಬಿಳಿಯ ಪ್ರತಿ ಸಿಗುತ್ತದೆ. ಆ ಮರಿ ಕಟ್ಟುವುದು ಬಿಳಿ ಗೂಡು.

ಹಳದಿ ಪ್ರಬಲ, ಬಿಳಿ ದುರ್ಬಲ ಎಂದು ಪುಸ್ತಕಗಳು ಇಲ್ಲಿಗೆ ಮುಗಿಸುತ್ತವೆ. ಪ್ರಬಲ ಏಕೆ ಪ್ರಬಲ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ತೊಯಾಮಾನ ನಂತರ ನೂರು ವರ್ಷ ಬೇಕಾಯಿತು.

ಐದನೇ ಹಂತದ ಹುಳುವನ್ನು ಅಂಗೈಮೇಲೆ ಇಟ್ಟು ಹೊಟ್ಟೆಯ ಅಡಿಗಿರುವ ಮೆತ್ತನೆಯ ಕಾಲುಗಳನ್ನು ನೋಡಿ. ಕೆಲವು ತಳಿಗಳಲ್ಲಿ ಅವು ಹಳದಿಯಾಗಿ ಹೊಳೆಯುತ್ತವೆ, ಬಿಳಿ ಗೂಡಿನ ಬಹುತೇಕ ತಳಿಗಳಲ್ಲಿ ಹಾಗೆ ಕಾಣುವುದಿಲ್ಲ. ತೆಳು ಚರ್ಮದ ಒಳಗಿಂದ ಕಾಣುವುದು ಹುಳುವಿನ ರಕ್ತ. ಹುಳು ಗೂಡು ಕಟ್ಟುವ ಮೊದಲೇ ರಕ್ತ ಹಳದಿಯಾಗಿರುತ್ತದೆ. ಆ ಹಳದಿಯನ್ನು ಹುಳು ತಾನಾಗಿ ತಯಾರಿಸಿಲ್ಲ, ತಿಂದ ಸೊಪ್ಪಿನಿಂದ ಪಡೆದಿದೆ. ಹಿಪ್ಪುನೇರಳೆ ಎಲೆಯಲ್ಲಿ ಹಸಿರಿನ ಅಡಿಯಲ್ಲಿ ಅಡಗಿರುವ ಕೆರೋಟಿನಾಯ್ಡ್‌ಗಳೇ ಈ ಹಳದಿ, ಅದರಲ್ಲೂ ಲ್ಯೂಟಿನ್. ಕೆಲವು ಗೂಡುಗಳಲ್ಲಿ ಕಾಣುವ ಹಸಿರು ಛಾಯೆಗೆ ಕಾರಣ ಫ್ಲೇವನಾಯ್ಡ್ ಎಂಬ ಬೇರೆ ವಸ್ತುಗಳು, ಅವುಗಳ ದಾರಿಯೂ ಬೇರೆ.

ಎಲೆಯಲ್ಲಿದ್ದ ಬಣ್ಣ ಗೂಡಿಗೆ ಬರಬೇಕಾದರೆ ಎರಡು ಬಾಗಿಲು ದಾಟಬೇಕು. ಮೊದಲನೆಯದು ಕರುಳಿನಿಂದ ರಕ್ತಕ್ಕೆ, ಎರಡನೆಯದು ರಕ್ತದಿಂದ ರೇಷ್ಮೆ ಗ್ರಂಥಿಗೆ. ಮೊದಲ ಬಾಗಿಲಿನ ಜೀನನ್ನು ತಳಿ ವಿಜ್ಞಾನಿಗಳು ಹಿಂದಿನಿಂದಲೂ ವೈ ಎಂದು ಕರೆಯುತ್ತಿದ್ದರು. 2007ರಲ್ಲಿ ಜಪಾನಿನ ವಿಜ್ಞಾನಿಗಳು ಅದು ಏನು ಮಾಡುತ್ತದೆ ಎಂದು ತೋರಿಸಿಕೊಟ್ಟರು. ಕೆರೋಟಿನಾಯ್ಡನ್ನು ಹಿಡಿದು ಸಾಗಿಸುವ ಒಂದು ಪ್ರೋಟೀನನ್ನು ತಯಾರಿಸುವ ಸೂಚನೆ ಆ ಜೀನಿನಲ್ಲಿದೆ. ಅವರು ನೋಡಿದ ಬಿಳಿ ರಕ್ತದ ತಳಿಗಳಲ್ಲಿ ಆ ಜೀನಿನ ಒಂದು ಚೂರು ಕಳಚಿಹೋಗಿದೆ. ಸೂಚನೆ ಅರೆಬರೆಯಾದ್ದರಿಂದ ಪ್ರೋಟೀನು ತಯಾರಾಗುವುದಿಲ್ಲ. ಎಲೆ ತಿಂದರೂ ಬಣ್ಣ ರಕ್ತಕ್ಕೆ ಬರದೆ ಹಿಕ್ಕೆಯಲ್ಲೇ ಹೊರಗೆ ಹೋಗುತ್ತದೆ. ಕಳಚದ ಜೀನನ್ನು ಅಂಥ ಹುಳುವಿಗೆ ಕೂಡಿಸಿದಾಗ ಗೂಡು ಹಳದಿಯಾಯಿತು. ಎರಡನೇ ಬಾಗಿಲಿನ ಜೀನಿಗೆ ಸಿ ಎಂದು ಹೆಸರು. ಲ್ಯೂಟಿನ್ನನ್ನು ರೇಷ್ಮೆ ಗ್ರಂಥಿಯೊಳಗೆ ಸೇರಿಸಿಕೊಳ್ಳುವ ಪ್ರೋಟೀನು ಅದರದು.

ಪ್ರಬಲ ಏಕೆ ಪ್ರಬಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ತಾಯಿಯಿಂದ ಬಂದ ಪ್ರತಿ ಕೆಟ್ಟಿದ್ದರೂ ತಂದೆಯಿಂದ ಬಂದದ್ದು ಸರಿಯಿದ್ದರೆ ಬಣ್ಣ ಸಾಗಿಸುವಷ್ಟು ಪ್ರೋಟೀನು ತಯಾರಾಗುತ್ತದೆ. ಒಂದೇ ಸಾಕು. ಎರಡೂ ಕೆಟ್ಟಾಗ ಮಾತ್ರ ಕೆಲಸ ನಿಲ್ಲುತ್ತದೆ. ‘ದುರ್ಬಲ’ ಗುಣ ಎಂದು ನಾವು ಓದಿದ್ದರ ಹಿಂದೆ ಇಲ್ಲಿರುವುದು ಕೆಲಸ ಮಾಡದ ಒಂದು ಜೀನು. ಎರಡು ಬಾಗಿಲು ಎಂದಮೇಲೆ ಲೆಕ್ಕವೂ ಬದಲಾಗಬಹುದು. ವೈ ಸರಿಯಿದ್ದು ಸಿ ಕೆಟ್ಟರೆ ರಕ್ತ ಹಳದಿ, ಗೂಡು ಬಿಳಿ. ಎರಡೂ ಸರಿಯಿರುವ ತಳಿಯನ್ನು ಎರಡೂ ಕೆಟ್ಟ ತಳಿಗೆ ಕೂಡಿಸಿದರೆ ಎರಡನೇ ಪೀಳಿಗೆಯಲ್ಲಿ ಮೂರಕ್ಕೆ ಒಂದರ ಬದಲು ಒಂಬತ್ತು ಹಳದಿಗೆ ಏಳು ಬಿಳಿ ಬರುತ್ತವೆ.

ಎಲ್ಲ ಸರಿಯಿರುವ ಹಳದಿ ತಳಿಯ ಹುಳುವಿಗೆ ಕೆರೋಟಿನಾಯ್ಡ್ ಇಲ್ಲದ ಕೃತಕ ಆಹಾರ ಕೊಟ್ಟರೆ ಅದೂ ಬಿಳಿ ಗೂಡೇ ಕಟ್ಟುತ್ತದೆ. ಜೀನು ಬದಲಾಗಿಲ್ಲ, ಮೇವು ಬದಲಾಗಿದೆ ಅಷ್ಟೆ. ‘ಎತ್ತರದ ಜೀನು’, ‘ಬುದ್ಧಿಯ ಜೀನು’ ಎಂದು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ನನಗೆ ಈ ಹುಳು ನೆನಪಾಗುತ್ತದೆ. ಗೂಡಿನ ಬಣ್ಣದಂಥ ಸರಳ ಗುಣವೇ ಎರಡು ಜೀನು ಮತ್ತು ಒಂದು ಎಲೆ ಸೇರಿದರೆ ಮಾತ್ರ ಮೂಡುವುದಾದರೆ, ಮನುಷ್ಯರ ಎತ್ತರವನ್ನೂ ಬುದ್ಧಿಯನ್ನೂ ಒಂದು ಜೀನಿನ ತಲೆಗೆ ಕಟ್ಟುವುದು ಅನ್ಯಾಯ.

ರೈತರಿಗೆ ಬಣ್ಣಕ್ಕಿಂತ ಮುಖ್ಯವಾದದ್ದು ನೂಲು. ಟಿಪ್ಪುವಿನ ಕಾಲದಲ್ಲಿ ನೆಲೆಯೂರಿದ ರೇಷ್ಮೆ ಕೃಷಿಯ ಜೊತೆಗೆ ಬೆಳೆದ ಮೈಸೂರು ತಳಿ ನಮ್ಮ ಬಿಸಿಲಿಗೆ, ನಮ್ಮ ರೋಗಗಳಿಗೆ ಗಟ್ಟಿ. ಆದರೆ ಗೂಡು ಸಣ್ಣದು, ಎಳೆಯ ಉದ್ದ ಸುಮಾರು 400 ಮೀಟರ್. ದ್ವಿತಳಿಯ ಗೂಡಿನ ಎಳೆ ಸಾವಿರ ಮೀಟರಿನ ಹತ್ತಿರ ಹೋಗುತ್ತದೆ, ಆದರೆ ಆ ಹುಳು ನಾಜೂಕು. ಎಳೆಯ ಉದ್ದ, ಗೂಡಿನ ತೂಕ, ರೋಗ ತಡೆಯುವ ಶಕ್ತಿ ಇವುಗಳ ಹಿಂದೆ ಅನೇಕ ಜೀನ್‌ಗಳಿವೆ. ಇಲ್ಲಿ ಮೂರಕ್ಕೆ ಒಂದು ಎಂಬ ಲೆಕ್ಕ ಸಿಗದು, ಏರಿಳಿತ ಮಾತ್ರ ಕಾಣುತ್ತದೆ. ಗೂಡಿನ ಆಕಾರವೂ ಹಾಗೆಯೇ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಬೆಳೆಸಿದ ಸಿಎಸ್ಆರ್2 ತಳಿಯ ಗೂಡು ಮೊಟ್ಟೆಯಾಕಾರ, ಸಿಎಸ್ಆರ್4ರದು ನಡು ಸಣ್ಣಗಾದ ಕಡಲೆಕಾಯಿಯ ಆಕಾರ. ಎರಡನ್ನೂ ಕೂಡಿಸಿದರೆ ಬರುವ ಗೂಡು ನಡುವಿನದು. ಯಾವುದೂ ಯಾವುದನ್ನೂ ಪೂರ್ತಿ ಮುಚ್ಚುವುದಿಲ್ಲ.

ದೂರದ ಎರಡು ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆಯಲ್ಲಿ ಇನ್ನೊಂದು ಲಾಭ ಇದೆ. ಒಂದು ತಳಿಯ ಕೆಟ್ಟ ಪ್ರತಿಯನ್ನು ಇನ್ನೊಂದರ ಒಳ್ಳೆಯ ಪ್ರತಿ ಬಹುಮಟ್ಟಿಗೆ ಮುಚ್ಚುವುದರಿಂದ ಹುಳು ಚುರುಕಾಗಿ ಬೆಳೆದು ಬೆಳೆ ಕೈಗೆ ಹತ್ತುತ್ತದೆ. ಇದಕ್ಕೇ ಮಿಶ್ರತಳಿ. ಇಂಥ ಮೊದಲ ಪೀಳಿಗೆಯ ಮೊಟ್ಟೆಯನ್ನೇ ರೈತರಿಗೆ ಕೊಡಬೇಕೆಂದು ಹೇಳಿದವನೂ ತೊಯಾಮಾ. ಮೈಸೂರು ಸಂಸ್ಥಾನದಲ್ಲಿ 1920ರ ದಶಕದಿಂದ ಮಿಶ್ರತಳಿ ಬಳಕೆಗೆ ಬಂತು.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಮಿಶ್ರತಳಿ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಹೆಣ್ಣಾಗಿ ಬಳಸುವುದು ಮೈಸೂರು ತಳಿಯನ್ನು, ಗಂಡಾಗಿ ದ್ವಿತಳಿಯನ್ನು. ಮಾಗಡಿ, ಕುಣಿಗಲ್ ಕಡೆಯಿಂದ ಬರುವ ಮೈಸೂರು ಬಿತ್ತನೆ ಗೂಡು ಇದಕ್ಕಾಗಿಯೇ. ತಿರುಗುಮುರುಗು ಮಾಡಿದರೆ ಏನಾಗುತ್ತದೆ? ಮರಿಗಳಿಗೆ ಸಿಗುವ ಜೀನ್‌ಗಳು ಹೆಚ್ಚುಕಡಿಮೆ ಅವೇ. ಆದರೆ ಮೊಟ್ಟೆ ಮರಿಯಾಗದೆ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ದ್ವಿತಳಿ ಹೆಣ್ಣು ಸಾಮಾನ್ಯವಾಗಿ ಇಡುವುದು ಚಳಿಗಾಲ ಕಳೆಯುವ ಮೊಟ್ಟೆ. ಅದನ್ನು ಬೇಗ ಎಬ್ಬಿಸಬೇಕಾದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು. ಮೈಸೂರು ಹೆಣ್ಣಿನ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆದು ಮರಿಯಾಗುತ್ತದೆ.

ಮೊಟ್ಟೆ ಮಲಗಬೇಕೇ ಏಳಬೇಕೇ ಎಂಬುದನ್ನು ತೀರ್ಮಾನಿಸುವುದು ಒಳಗಿನ ಮರಿಯ ಜೀನಲ್ಲ. ತಾಯಿ ಕೋಶಾವಸ್ಥೆಯಲ್ಲಿದ್ದಾಗ ಅದರ ದೇಹದಲ್ಲಿ ಹರಿಯುವ ಒಂದು ಹಾರ್ಮೋನು ಮೊಟ್ಟೆಗಳನ್ನು ಮಲಗಿಸುತ್ತದೆ. 1951ರಲ್ಲಿ ಜಪಾನಿನ ಹಸೆಗಾವಾ ಮತ್ತು ಫುಕುದಾ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ದ್ವಿತಳಿಯಲ್ಲಿ ಆ ಹಾರ್ಮೋನು ಹರಿಯುವುದೂ ಬಿಡುವುದೂ ತಾಯಿ ತಾನೇ ಮೊಟ್ಟೆಯಾಗಿದ್ದಾಗ ಎಂಥ ಹವೆಯಲ್ಲಿತ್ತು ಎಂಬುದರ ಮೇಲೆ ನಿಂತಿದೆ. 25 ಡಿಗ್ರಿ ಶಾಖ ಮತ್ತು ಬೆಳಕಿನಲ್ಲಿದ್ದ ಮೊಟ್ಟೆಯಿಂದ ಬಂದ ಹೆಣ್ಣು ಮಲಗುವ ಮೊಟ್ಟೆ ಇಡುತ್ತದೆ, 15 ಡಿಗ್ರಿಯ ಕತ್ತಲಲ್ಲಿದ್ದ ಮೊಟ್ಟೆಯಿಂದ ಬಂದ ಹೆಣ್ಣು ಕೂಡಲೇ ಮರಿಯಾಗುವ ಮೊಟ್ಟೆ ಇಡುತ್ತದೆ. ಅಂದರೆ ಅಜ್ಜಿ ಇಟ್ಟ ಮೊಟ್ಟೆ ಕಂಡ ಬಿಸಿಲು ಚಳಿ ಮೊಮ್ಮಕ್ಕಳ ನಿದ್ದೆಯನ್ನು ನಿರ್ಧರಿಸುತ್ತದೆ. ಅನುವಂಶೀಯತೆಯ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಸುಂದರವಾದ ಸಂಗತಿ ಬೇರೆ ಕಡಿಮೆ.

ಗಂಡು ಹೆಣ್ಣಿನ ವಿಷಯದಲ್ಲೂ ಈ ಹುಳು ನಮಗಿಂತ ತಿರುಗುಮುರುಗು. ನಮ್ಮಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವರ್ಣತಂತುವಿನಿಂದ ಆಗುತ್ತದೆ. ರೇಷ್ಮೆ ಹುಳುವಿನಲ್ಲಿ ತಾಯಿಯಿಂದ. ಡಬ್ಲ್ಯೂ ಎಂಬ ವರ್ಣತಂತು ಇದ್ದದ್ದು ಹೆಣ್ಣು. ಬಿತ್ತನೆ ಕೋಠಿಯಲ್ಲಿ ಹೆಂಗಸರು ಗೂಡು ಕತ್ತರಿಸಿ ಕೋಶಗಳನ್ನು ಹೊರತೆಗೆದು ಒಂದೊಂದನ್ನೂ ಹೊರಳಿಸಿ ನೋಡುತ್ತಾರೆ. ಹೊಟ್ಟೆಯ ಎಂಟನೇ ಮಡಿಕೆಯಲ್ಲಿ ಗುಣಾಕಾರ ಚಿಹ್ನೆಯಂಥ ಗೆರೆ ಇದ್ದರೆ ಹೆಣ್ಣು, ಒಂಬತ್ತನೆಯದರಲ್ಲಿ ಚುಕ್ಕೆ ಇದ್ದರೆ ಗಂಡು. ಕಣ್ಣಿಗೆ ಬಹಳ ಶ್ರಮದ ಕೆಲಸ. ಇದನ್ನು ತಪ್ಪಿಸಲು ಜಪಾನಿನ ತಜಿಮಾ 1940ರ ಸುಮಾರಿಗೆ ಎಕ್ಸ್-ಕಿರಣ ಹಾಯಿಸಿ, ಹುಳುವಿನ ಮೈಮೇಲೆ ಗುರುತು ಮೂಡಿಸುವ ಜೀನಿರುವ ತುಂಡನ್ನು ಡಬ್ಲ್ಯೂ ವರ್ಣತಂತುವಿಗೆ ಅಂಟಿಸಿದ. ಅಂದಿನಿಂದ ಅಂಥ ತಳಿಗಳಲ್ಲಿ ಗುರುತಿರುವ ಹುಳು ಹೆಣ್ಣು, ಬೋಳು ಹುಳು ಗಂಡು. ಮುಂದೆ ಹಳದಿಯ ವೈ ಜೀನನ್ನೂ ಇದೇ ರೀತಿ ಅಂಟಿಸಿ, ಹೆಣ್ಣು ಹಳದಿ ಗೂಡು, ಗಂಡು ಬಿಳಿ ಗೂಡು ಕಟ್ಟುವ ತಳಿಗಳನ್ನು ಮಾಡಿದರು.

ಇನ್ನು ರೈತರಿಗೆ ನೇರವಾಗಿ ಸಂಬಂಧಿಸಿದ ಮಾತು. ಚೆನ್ನಾಗಿ ಬಂದ ಮಿಶ್ರತಳಿ ಬೆಳೆಯಲ್ಲಿ ನಾಲ್ಕು ಗೂಡು ಉಳಿಸಿಕೊಂಡು ಮನೆಯಲ್ಲೇ ಮೊಟ್ಟೆ ಇಡಿಸಿದರೆ ದುಡ್ಡು ಉಳಿಯುವುದಲ್ಲವೇ ಎಂದು ಅನ್ನಿಸುವುದು ಸಹಜ. ಎರಡು ಕಾರಣಕ್ಕೆ ಅದು ಬೇಡ. ಮೊದಲನೆಯದು ಇಲ್ಲಿಯವರೆಗೆ ಹೇಳಿದ್ದೇ. ಎರಡನೇ ಪೀಳಿಗೆಯಲ್ಲಿ ಜೋಡಿಗಳು ಬಿಡಿಯಾಗಿ ಹೊಸದಾಗಿ ಕೂಡುತ್ತವೆ. ಮುಚ್ಚಿದ್ದ ಕೆಟ್ಟ ಪ್ರತಿಗಳು ಎರಡೆರಡಾಗಿ ಸೇರುತ್ತವೆ. ಗೂಡಿನ ಬಣ್ಣ, ಗಾತ್ರ ಚೆದುರುತ್ತದೆ. ಹುಳುಗಳು ಒಂದೇ ಸಲ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂರುವುದಿಲ್ಲ, ಒಂದೇ ಸಲ ಹಣ್ಣಾಗುವುದಿಲ್ಲ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸ ದಿನಗಟ್ಟಲೆ ಎಳೆಯುತ್ತದೆ. ರೀಲರ್ ಅಂಥ ಲಾಟಿಗೆ ದರ ಹಾಕುವುದಿಲ್ಲ.

ಎರಡನೆಯದು ಗಂಟು ರೋಗ. ಇದೂ ತಾಯಿಯಿಂದ ಮರಿಗೆ ದಾಟುತ್ತದೆ, ಆದರೆ ಜೀನಿನ ಮೂಲಕ ಅಲ್ಲ. ನೊಸೀಮಾ ಎಂಬ ಸೂಕ್ಷ್ಮಜೀವಿ ತಾಯಿಯ ದೇಹದಿಂದ ಮೊಟ್ಟೆಯ ಒಳಗೇ ಹೊಕ್ಕಿರುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ಇದರಿಂದ ನೆಲಕಚ್ಚಿದಾಗ ಲೂಯಿ ಪಾಸ್ಚರ್ ಕಂಡುಕೊಂಡ ಉಪಾಯವೇ ಇಂದಿಗೂ ನಡೆಯುತ್ತಿದೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಬೀಜಕ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವುದು. ‘ರೋಗರಹಿತ ಮೊಟ್ಟೆ’ ಎಂದು ನೀವು ತರುವುದು ಈ ಪರೀಕ್ಷೆ ದಾಟಿ ಬಂದದ್ದು. ಒಂದು ಚಿಟ್ಟೆ 400–500 ಮೊಟ್ಟೆ ಇಡುತ್ತದೆ. ರೋಗವಿರುವ ಒಂದೇ ತಾಯಿಯ ಮರಿಗಳು ಸಾಕು, ಅವುಗಳ ಹಿಕ್ಕೆಯಿಂದ ರೋಗ ಇಡೀ ಮನೆಗೆ ಹರಡಲು.

ಆದ್ದರಿಂದ ರೇಷ್ಮೆ ಬೆಳೆಯುವ ಅಣ್ಣಂದಿರಲ್ಲಿ, ಅಕ್ಕಂದಿರಲ್ಲಿ ಒಂದು ವಿನಂತಿ. ಮೊಟ್ಟೆಯನ್ನಾಗಲಿ ಎಳೆಯ ಚಾಕಿ ಹುಳುವನ್ನಾಗಲಿ ನೋಂದಾಯಿತ ಬಿತ್ತನೆ ಕೋಠಿ ಮತ್ತು ಚಾಕಿ ಕೇಂದ್ರಗಳಿಂದಲೇ ತನ್ನಿ. ತಳಿಯ ಹೆಸರು, ಮೊಟ್ಟೆ ಇಟ್ಟ ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. ಅಗ್ಗಕ್ಕೆ ಸಿಗುತ್ತದೆಂದು ಊರು ಪೇರು ಗೊತ್ತಿಲ್ಲದ ಮೊಟ್ಟೆಯನ್ನು ಮನೆಗೆ ತರಬೇಡಿ.